ಪೆರ್ಬೊಳಲಿನ ರವಿವಾರಗಳು

ಬೆಂಗಳೂರಿಗೆ ಕೆಲಸಕ್ಕೆಂದು ಹೊರಟವರಿಗೆ ನಮ್ಮ ಕಡೆ ಎಲ್ಲರೂ ಒಂದೇ ಪಟ್ಟಿ ಕೊಟ್ಟು ಕಳಿಸುತ್ತಾರೆ. ಲಾಲ್‌ಬಾಗ್, ವಿಧಾನಸೌಧ, ಕಬ್ಬನ್ ಪಾರ್ಕಿನ ಮ್ಯೂಜಿಯಂ, ಬಸವನಗುಡಿಯ ದೊಡ್ಡ ಬಸವಣ್ಣ, ಪುರುಸೊತ್ತಿದ್ದರೆ ಬನ್ನೇರುಘಟ್ಟದ ಹುಲಿ. ಶಾಲೆಯ ಪ್ರವಾಸದ ಬಸ್ಸು ಸುತ್ತುವ ದಾರಿಯೂ ಇದೇ, ಮದುವೆಯಾದ ಹೊಸತರಲ್ಲಿ ನಮ್ಮ ದೊಡ್ಡಪ್ಪ ದೊಡ್ಡವ್ವ ಸುತ್ತಿದ ದಾರಿಯೂ ಇದೇ. ಯಶವಂತಪುರದಲ್ಲಿ ಕೆಲಸಕ್ಕೆ ಸೇರಿ ಮತ್ತಿಕೆರೆಯಲ್ಲಿ ಕೋಣೆ ಹಿಡಿದ ಮೇಲೆ ನನಗೆ ತಿಳಿದದ್ದೇನೆಂದರೆ, ಈ ಪಟ್ಟಿಯಲ್ಲಿರುವುದೆಲ್ಲ ನನಗೆ ದಕ್ಷಿಣಕ್ಕೇ ಇದೆ ಮತ್ತು ನನ್ನ ಕೈಯಲ್ಲಿರುವುದು ವಾರಕ್ಕೆ ಅರ್ಧ ದಿನ. ಸರಕು ಸಾಗಣೆಯ ಗೋದಾಮೊಂದರಲ್ಲಿ ಲೆಕ್ಕ ಬರೆಯುವವನು ನಾನು. ಶನಿವಾರ ರಾತ್ರಿ ಲಾರಿಗಳು ಹೊರಟು ಕೋಣೆ ಸೇರುವಷ್ಟರಲ್ಲಿ ತಾರೀಖು ಬದಲಾಗಿರುತ್ತದೆ. ರವಿವಾರ ಬೆಳಿಗ್ಗೆ ಬಟ್ಟೆ ಒಗೆದು, ಊರಿಗೆ ಫೋನು ಮಾಡಿ, ಉಂಡು ಏಳುವಾಗ ಎರಡು ಗಂಟೆ. ಮರುದಿನ ಬೆಳಿಗ್ಗೆ ಎಂಟಕ್ಕೆ ಮತ್ತೆ ಗೋದಾಮು. ಹೀಗಾಗಿ ಒಂದು ಬಸ್ಸಿನಲ್ಲಿ ಮುಟ್ಟಬಹುದಾದ ಬೆಂಗಳೂರೇ ನನ್ನ ಪಾಲಿಗೆ ಬಂದ ಬೆಂಗಳೂರು: ಹೆಬ್ಬಾಳ, ಯಲಹಂಕ, ಜಾಲಹಳ್ಳಿ, ಮಲ್ಲೇಶ್ವರ, ಆರ್.ಟಿ. ನಗರ.

ನೋಡುವಂಥದ್ದು ಅಲ್ಲೇನಿದೆ ಎಂದು ಕೋಣೆಯ ಜೊತೆಗಾರರು ಕೇಳಿದರು. ಅವರಲ್ಲೊಬ್ಬ ಬೀದರಿನವ, ಇನ್ನೊಬ್ಬ ರೋಣದವ. ಇಬ್ಬರಿಗೂ ರವಿವಾರವೆಂದರೆ ಮಾಲ್. ನಾನು ಲಕ್ಷ್ಮೇಶ್ವರದವನು. ಸೋಮೇಶ್ವರ ದೇವಸ್ಥಾನದ ಆವರಣದಲ್ಲಿ ಶಾಸನದ ಕಲ್ಲುಗಳ ನಡುವೆ ಕ್ರಿಕೆಟ್ ಆಡಿ ಬೆಳೆದವನು. ಅಕ್ಷರವಿರುವ ಕಲ್ಲು ಕಂಡರೆ ನಿಂತು ನೋಡುವ ಚಟ ಅಲ್ಲಿಂದ ಬಂದದ್ದು.

ಇಲ್ಲೊಂದು ಮಾತು ಹೇಳಿಬಿಡಬೇಕು. ಬೆಂಗಳೂರು 'ನಮ್ಮ ರಾಜಧಾನಿ' ಆಗಿ ಬಹಳ ಕಾಲವಾಗಿಲ್ಲ. ನನ್ನಜ್ಜ ಹುಟ್ಟಿದಾಗ ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ ಸೇರಿತ್ತು. ಸಂಸ್ಥಾನಗಳು ವಿಲೀನವಾದ ಮೇಲೆ ಮುಂಬಯಿ ಪ್ರಾಂತ್ಯ, 1956ರ ನವೆಂಬರ್ 1ರಿಂದ ಮೈಸೂರು ರಾಜ್ಯ, 1973ರಲ್ಲಿ ಕರ್ನಾಟಕ. ಅಜ್ಜನ ತಲೆಮಾರಿಗೆ ಕೋರ್ಟು ಕಚೇರಿಯ ದೊಡ್ಡ ಊರೆಂದರೆ ಮಿರಜ, ದುಡಿಯಲು ಹೋಗುವ ಊರೆಂದರೆ ಮುಂಬಯಿ. ಬೆಂಗಳೂರು ಬೇರೆ ಯಾರದೋ ಊರು, ಬೇರೆ ಯಾವನೋ ರಾಜನ ಸೀಮೆ. ಈಗಲೂ ನಾನು ಬಾಯಿ ತೆರೆದರೆ ಅಂಗಡಿಯವರು, "ನೀವು ಆ ಕಡೆಯವರಾ?" ಎಂದು ಕೇಳುತ್ತಾರೆ. ಅದರಲ್ಲಿ ಕುಹಕವಿಲ್ಲ. ಆದರೆ 'ಈ ಕಡೆ', 'ಆ ಕಡೆ' ಎಂಬ ಗೆರೆ ಎಷ್ಟು ಹಳೆಯದು ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದಕ್ಕೊಂದು ಉತ್ತರ ಹೆಬ್ಬಾಳದಲ್ಲಿ ಸಿಕ್ಕಿತು, ಕಲ್ಲಿನ ಮೇಲೆ ಬರೆದದ್ದು.

ಹೆಬ್ಬಾಳವೆಂದರೆ ಬಹಳ ಜನಕ್ಕೆ ಮೇಲ್ಸೇತುವೆ. 2003ರಲ್ಲಿ ಅದು ತೆರೆದಾಗ ಬೆಂಗಳೂರಿನ ಹೆಮ್ಮೆಯಾಗಿತ್ತಂತೆ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಅದೇ ಬೆಂಗಳೂರಿನ ಗೋಳಾಯಿತು. ಅಲ್ಲಿ ವಾಹನಗಳು ನಿಂತುಕೊಳ್ಳುವ ಹೊತ್ತಿನಲ್ಲಿ ಒಂದು ಕಡೆ ಕೆರೆ ಕಾಣುತ್ತದೆ, ಇನ್ನೊಂದು ಕಡೆ ಹಳೆಯ ಊರಿನ ಗುಡ್ಡ. ಆ ಹಳೆಯ ಊರಿನೊಳಗೆ 2018ರಲ್ಲಿ ಚರಂಡಿಗಾಗಿ ನೆಲ ತೋಡುವಾಗ ಒಂದು ವೀರಗಲ್ಲು ಎದ್ದುಬಂತು. ಶಾಸನಗಳ ಹಿಂದೆ ಓಡಾಡುವ ಹವ್ಯಾಸಿಗಳು ಓಡಿಬಂದರು, ಊರಿನವರು ಜೊತೆಗೂಡಿದರು, ಕಲ್ಲು ಮತ್ತೆ ಮಣ್ಣಿನಡಿ ಹೋಗದಂತೆ ಉಳಿಯಿತು. ಓದಿ ನೋಡಿದರೆ ಅದು ಗಂಗರ ಶ್ರೀಪುರುಷ ಮಹಾರಾಜನ ಕಾಲದ್ದು, ಸುಮಾರು ಕ್ರಿ.ಶ. 750ರದು. ಬೆಂಗಳೂರಿನಲ್ಲಿ ಈವರೆಗೆ ಸಿಕ್ಕಿರುವ ಕನ್ನಡ ಶಾಸನಗಳಲ್ಲಿ ಅತ್ಯಂತ ಹಳೆಯದೆಂದು ಇದನ್ನೇ ಎಣಿಸುತ್ತಾರೆ. ಕೆಂಪೇಗೌಡರು ಕೋಟೆ ಕಟ್ಟುವುದಕ್ಕೆ ಎಂಟುನೂರು ವರ್ಷ ಮೊದಲಿನ ಮಾತು.

ಕಲ್ಲು ಹೇಳುವುದು ಸಣ್ಣ ಸಂಗತಿ. ಶ್ರೀಪುರುಷ ರಾಜ್ಯವಾಳುತ್ತಿದ್ದಾಗ, ಪೆಳ್ನಾಗತ್ತರಸನೆಂಬವನು ಪೆರ್ಬೊಳಲ್‌ನಾಡು ಮೂವತ್ತನ್ನು ನೋಡಿಕೊಳ್ಳುತ್ತಿದ್ದಾಗ, ರಟ್ಟವಾಡಿಯವರ ದಾಳಿಯಾಯಿತು; ಕೊಡಂದಲೆಯ ಕಿತ್ತಯ್ಯ ಎಂಬವನು ಹೋರಾಡಿ ಸತ್ತು ಸ್ವರ್ಗ ಸೇರಿದ. ಇಷ್ಟೇ. ಮೂವತ್ತು ಎಂದರೆ ಆ ನಾಡಿಗೆ ಸೇರಿದ ಹಳ್ಳಿಗಳ ಲೆಕ್ಕ. ರಟ್ಟವಾಡಿ ಎಂದರೆ ರಾಷ್ಟ್ರಕೂಟರ ನಾಡು. ಅಂದರೆ ಉತ್ತರದವರು. ಅಂದರೆ, ಸುತ್ತಿ ಬಳಸಿ ಹೇಳುವುದೇಕೆ, ನಮ್ಮ ಕಡೆಯವರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಊರಿನ ಹೆಸರು. ಪೆರ್ಬೊಳಲ್. ಪೆರ್ ಎಂದರೆ ಹಿರಿದು, ಪೊಳಲ್ ಎಂದರೆ ಪಟ್ಟಣ. ಹಿರಿಯ ಪಟ್ಟಣ. ಬಾಯಿಂದ ಬಾಯಿಗೆ ಸವೆದು ಪಕಾರ ಹಕಾರವಾಗಿ, ನಡುವಿನ ಅಕ್ಷರ ಕರಗಿ ಹೆಬ್ಬಾಳವಾಯಿತು. ಈ ಪೊಳಲ್ ನಮ್ಮ ಕಡೆಯೂ ಉಂಟು. ಪಟ್ಟದಕಲ್ಲಿನ ಹಳೆಯ ಹೆಸರು ಕಿಸುವೊಳಲ್, ಕೆಂಪು ಪಟ್ಟಣ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು ತಿರುಳ್ಗನ್ನಡದ ಸೀಮೆಯನ್ನು ಗುರುತಿಸುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಕಿಸುವೊಳಲ್ ಒಂದು, ಪುಲಿಗೆರೆ ಇನ್ನೊಂದು. ಕೊಪಣ, ಒಂಕುಂದ ಉಳಿದೆರಡು. ಪುಲಿಗೆರೆಯೇ ಲಕ್ಷ್ಮೇಶ್ವರ. ನಮ್ಮೂರಿನ ಕನ್ನಡವೇ ತಿರುಳು ಎಂದು ನಮ್ಮ ಮೇಷ್ಟ್ರು ಎದೆ ಉಬ್ಬಿಸಿ ಹೇಳುತ್ತಿದ್ದರು. ಆ ಪುಸ್ತಕ ಬರುವುದಕ್ಕೆ ನೂರು ವರ್ಷ ಮೊದಲೇ ಇಲ್ಲಿ, ತಿರುಳಿನ ಸೀಮೆಯಿಂದ ಇಷ್ಟು ದೂರದಲ್ಲಿ, ಸತ್ತವನೊಬ್ಬನ ನೆನಪನ್ನು ಕನ್ನಡದಲ್ಲೇ ಕೆತ್ತಿದ್ದಾರೆ. ಕೊಲ್ಲಲು ಬಂದವರ ರಾಜ್ಯದಲ್ಲೂ ಕನ್ನಡ, ಸತ್ತವನ ಕಲ್ಲಿನ ಮೇಲೂ ಕನ್ನಡ.

ಆಮೇಲಿನ ಕಥೆಯೂ ಸೊಗಸಾಗಿದೆ. ಮೊದಲನೆಯ ಕೃಷ್ಣ 768ರ ಹೊತ್ತಿಗೆ ಗಂಗವಾಡಿಯೊಳಗೇ ಬಂದು, ಶ್ರೀಪುರುಷನ ಬೀಡಾಗಿದ್ದ ಮಣ್ಣೆಯಲ್ಲಿ ದಂಡು ಇಳಿಸಿದ್ದ. ಅವನ ಮಗ ಧ್ರುವ ಗಂಗರ ಶಿವಮಾರನನ್ನು ಸೆರೆಗೆ ಹಾಕಿದ. ಎರಡು ತಲೆಮಾರು ಹೀಗೆ ಬಡಿದಾಡಿದ ಮೇಲೆ ಅಮೋಘವರ್ಷ ನೃಪತುಂಗ ತನ್ನ ಮಗಳು ಚಂದ್ರೊಬ್ಬಲಬ್ಬೆಯನ್ನು ಗಂಗರ ಬೂತುಗನಿಗೆ ಕೊಟ್ಟು ಬೀಗತನ ಬೆಳೆಸಿದ. 'ಕವಿರಾಜಮಾರ್ಗ' ಹುಟ್ಟಿದ್ದು ಇದೇ ಅಮೋಘವರ್ಷನ ಆಸ್ಥಾನದಲ್ಲಿ. ಕಿತ್ತಯ್ಯನಿಗೆ ಇದೊಂದೂ ಗೊತ್ತಿಲ್ಲ. ಈಗ ಅವನ ಕಲ್ಲಿಗೆ ಗಂಗರ ಶೈಲಿಯದೊಂದು ಪುಟ್ಟ ಮಂಟಪ ಕಟ್ಟಿದ್ದಾರೆ. ಮಿಥಿಕ್ ಸೊಸೈಟಿಯವರ ಯೋಜನೆಯಲ್ಲಿ ಕಲ್ಲಿನ ಮೂರು ಆಯಾಮದ ಚಿತ್ರವನ್ನೂ ತೆಗೆದಿಟ್ಟಿದ್ದಾರೆ. ಬಿ.ಎಲ್. ರೈಸ್ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟವನ್ನು ಅಚ್ಚು ಹಾಕಿಸಿದ್ದು 1905ರಲ್ಲಿ. ಅದರಲ್ಲಿರುವ ಎಷ್ಟೋ ಕಲ್ಲುಗಳು ಇಂದು ಪುಸ್ತಕದಲ್ಲಿ ಮಾತ್ರ ಇವೆ. ಕೆಲವು ಮನೆಯ ಪಾಯಕ್ಕೆ ಹೋದವು, ಕೆಲವು ರಸ್ತೆಯಡಿಗೆ. ರೈಸರ ಕಣ್ಣಿಗೆ ಬೀಳದ ಕಿತ್ತಯ್ಯ ಉಳಿದದ್ದು ನೋಡಿದರೆ, ಹೂತುಕೊಂಡದ್ದೇ ಅವನಿಗೆ ಒಳ್ಳೆಯದಾಯಿತೇನೋ.

ಕಳೆದ ನವೆಂಬರಿನಲ್ಲಿ ಅಪ್ಪ ಬಂದ. ನನ್ನನ್ನು ನೋಡಲು ಅಂತೇನಲ್ಲ, ಕೃಷಿ ಮೇಳಕ್ಕೆ. ಜಿಕೆವಿಕೆ ಆವರಣದಲ್ಲಿ ವರ್ಷಕ್ಕೊಮ್ಮೆ ನಡೆಯುವ ಈ ಮೇಳ ರಾಜ್ಯದ ರೈತರ ಪಾಲಿಗೆ ಬೆಂಗಳೂರು ನೋಡುವ ಒಂದು ನೆಪ. ಊರಿನಿಂದ ಹದಿನೈದು ಜನ ಕ್ರೂಸರ್ ಮಾಡಿಕೊಂಡು ಬಂದಿದ್ದರು. ಅಪ್ಪ ಮೆಣಸಿನಕಾಯಿ ಬೀಜದ ಮಳಿಗೆಗಳಲ್ಲಿ ಅರ್ಧ ದಿನ ಕಳೆದು, ಕೈಚೀಲದ ತುಂಬ ಕರಪತ್ರ ತುಂಬಿಕೊಂಡು, ಉಳಿದವರನ್ನು ಲಾಲ್‌ಬಾಗಿಗೆ ಕಳಿಸಿ ನನ್ನ ಜೊತೆ ಉಳಿದ.

ಅಲ್ಲಿ ಓಡಾಡುವಾಗ ನಾನು ಅವನಿಗೆ ಕೋಲ್ಮನ್ನನ ಕಥೆ ಹೇಳಿದೆ. ದೂರದಿಂದ ಬೆಂಗಳೂರಿಗೆ ಕೆಲಸಕ್ಕೆ ಬಂದವರ ಸಾಲಿನಲ್ಲಿ ನನಗೆ ಬಹಳ ಇಷ್ಟದವನು ಈತ. 1899ರಲ್ಲಿ, ಮಹಾರಾಜರು ಇನ್ನೂ ಚಿಕ್ಕವರಿದ್ದುದರಿಂದ ರಾಜ್ಯಭಾರ ನೋಡಿಕೊಳ್ಳುತ್ತಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ 30 ಎಕರೆ ನೆಲವನ್ನು ಕೃಷಿ ಪ್ರಯೋಗಕ್ಕೆಂದು ಕೊಟ್ಟರು. ಅಲ್ಲಿ ಮಣ್ಣು ಗೊಬ್ಬರಗಳ ಪರೀಕ್ಷೆ ಮೊದಲಿಟ್ಟವನು ಲೆಹ್ಮನ್ ಎಂಬ ರಸಾಯನಶಾಸ್ತ್ರಜ್ಞ. ಅವನ ನಂತರ 1908ರಲ್ಲಿ ಬಂದವನು ಕೆನಡಾದ ಲೆಸ್ಲಿ ಕೋಲ್ಮನ್, ಆಗ ಅವನಿಗೆ ಮೂವತ್ತು ವರ್ಷ. ಬೆಳೆಗೆ ಬರುವ ಬೂಷ್ಟು, ಹುಳ ಇವುಗಳ ಪಂಡಿತ. ಮಲೆನಾಡಿನ ಅಡಿಕೆ ತೋಟಗಳು ಕೊಳೆರೋಗಕ್ಕೆ ಸಿಕ್ಕಿ ಗೊನೆಗೊನೆಯೇ ಉದುರುತ್ತಿದ್ದ ಕಾಲ. ಮೈಲುತುತ್ತ ಮತ್ತು ಸುಣ್ಣ ಕಲಸಿದ ಬೋರ್ಡೋ ದ್ರಾವಣವನ್ನು ಮಳೆಗಾಲಕ್ಕೆ ಮುಂಚೆ ಗೊನೆಗೆ ಹೊಡೆದರೆ ರೋಗ ತಡೆಯಬಹುದೆಂದು ಅವನು ತೋರಿಸಿಕೊಟ್ಟ. ನೂರು ವರ್ಷ ಕಳೆದರೂ ತೀರ್ಥಹಳ್ಳಿ, ಶೃಂಗೇರಿ ಕಡೆ ಮಳೆ ಹಿಡಿಯುವ ಮುನ್ನ ಹೊಡೆಯುವುದು ಅದನ್ನೇ. 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ ತೆರೆದ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ, ಮಂಡ್ಯದ ಕಬ್ಬು, ಹೀಗೆ ಕೈ ಹಾಕದ ಕೆಲಸವಿಲ್ಲ. 1934ರವರೆಗೆ ಇಲ್ಲೇ ಇದ್ದ. ಇಪ್ಪತ್ತಾರು ವರ್ಷ!

ಅಪ್ಪ ಎಲ್ಲ ಕೇಳಿ, "ಅಂವಗ ಪಗಾರ ಎಷ್ಟಿತ್ತಂತ?" ಎಂದ. ರೈತರು ಕೇಳಬೇಕಾದ ಪ್ರಶ್ನೆಯೇ.

ಕೃಷಿ ಮೇಳದ ಗದ್ದಲದಿಂದ ಹೆಬ್ಬಾಳಕ್ಕೆ ಬಂದು ಕಿತ್ತಯ್ಯನ ಮುಂದೆ ನಿಂತೆವು. ಅಪ್ಪ ಚಪ್ಪಲಿ ಬಿಟ್ಟ. ನಮ್ಮ ಹೊಲದ ಬದುವಿನಲ್ಲೂ ಒಂದು ವೀರಗಲ್ಲಿದೆ. ಯಾರದೆಂದು ಯಾರಿಗೂ ತಿಳಿಯದು, ಎಳ್ಳಮಾಸಿಗೆ ಅದಕ್ಕೂ ಚರಗ ಚೆಲ್ಲುತ್ತೇವೆ. ಅದೇ ಅಭ್ಯಾಸ.

"ಇಂವ ಯಾರ ಜೋಡಿ ಬಡಿದಾಡಿದ, ತಮ್ಮಾ?"

"ರಾಷ್ಟ್ರಕೂಟರ ಜೋಡಿ, ಅಪ್ಪಾ. ನಮ್ಮ ಕಡೆಯವರು."

ಅಪ್ಪ ಒಂದು ಗಳಿಗೆ ಸುಮ್ಮನಿದ್ದ. "ಹಂಗಾರ ನಾವ ಕೊಂದಂಗಾತು. ಪಾಪ." ಮೇಳದಲ್ಲಿ ಯಾರೋ ಕೊಟ್ಟ ಚೆಂಡು ಹೂವೊಂದು ಅವನ ಜೇಬಿನಲ್ಲಿತ್ತು. ಅದನ್ನು ಕಲ್ಲಿನ ಬುಡಕ್ಕೆ ಇಟ್ಟ. ಆಮೇಲೆ ಅಲ್ಲಿ ಕುಳಿತಿದ್ದ ಹಿರಿಯರೊಬ್ಬರ ಹತ್ತಿರ, ಅವರೂ ಹೆಬ್ಬಾಳದ ಹಳೆಯ ಒಕ್ಕಲು, ರಾಗಿ ಎಕರೆಗೆ ಎಷ್ಟು ಚೀಲ ಬರುತ್ತಿತ್ತು ಎಂದು ವಿಚಾರಿಸತೊಡಗಿದ. ಆ ಹಿರಿಯರು ತಮ್ಮ ಹೊಲವಿದ್ದ ದಿಕ್ಕಿಗೆ ಕೈ ತೋರಿಸಿದರು. ಅಲ್ಲೀಗ ಹದಿನಾಲ್ಕು ಮಹಡಿಯ ಕಟ್ಟಡ. ಇಬ್ಬರೂ ಅರ್ಧ ಗಂಟೆ ಮಾತಾಡಿದರು. ಒಬ್ಬರ ಕನ್ನಡ ಇನ್ನೊಬ್ಬರಿಗೆ ಮುಕ್ಕಾಲು ಪಾಲು ತಿಳಿಯಿತು, ಉಳಿದದ್ದು ಒಕ್ಕಲುತನದಲ್ಲಿ ತಿಳಿಯಿತು. ನನಗೆ ಎಂಟು ತಿಂಗಳಲ್ಲಿ ಸಿಗದ ಸಲಿಗೆ ಅವನಿಗೆ ಅರ್ಧ ಗಂಟೆಯಲ್ಲಿ ಸಿಕ್ಕಿತ್ತು.

ಮರುದಿನಕ್ಕೆ ಅಪ್ಪನದೇ ಬೇಡಿಕೆ: ಅವನ ಗಡಿಯಾರ ಹುಟ್ಟಿದ ಜಾಗ ನೋಡಬೇಕು. ಮದುವೆಯಲ್ಲಿ ಮಾವನ ಮನೆಯವರು ಕಟ್ಟಿದ ಎಚ್‌ಎಂಟಿ ಜನತಾ, ದಿನಾ ಬೆಳಿಗ್ಗೆ ಕೀಲಿ ಕೊಡುವಂಥದು, ಇಂದಿಗೂ ನಡೆಯುತ್ತದೆ. ಜಾಲಹಳ್ಳಿಯಲ್ಲಿ ಎಚ್‌ಎಂಟಿ ಯಂತ್ರೋಪಕರಣದ ಕಾರ್ಖಾನೆ ಶುರುವಾದದ್ದು 1953ರಲ್ಲಿ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಗಡಿಯಾರ ಬಂತು. 2016ರಲ್ಲಿ ಗಡಿಯಾರದ ಬಾಗಿಲು ಮುಚ್ಚಿತು. ಎಚ್‌ಎಂಟಿ, ಪಕ್ಕದ ಬಿಇಎಲ್, ಆಮೇಲೆ ಯಲಹಂಕದ ರೈಲು ಗಾಲಿ ಕಾರ್ಖಾನೆ ಸೇರಿ ಉತ್ತರ ಬೆಂಗಳೂರಿಗೆ ನಾಡಿನ ಮೂಲೆಮೂಲೆಯಿಂದ ಜನ ತಂದು ಕೂಡಿಸಿದವು. ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ, ರಾಜ್ಯೋತ್ಸವದ ನಾಟಕ, ಎಲ್ಲ ಕಾರ್ಖಾನೆಯ ಕಾಂಪೌಂಡಿನೊಳಗೇ. ನಮ್ಮಂಥವರಿಗೆ ಹನ್ನೊಂದು ತಿಂಗಳ ಕಾಗದ ಕೊಡುವ ಈ ಕಾಲಕ್ಕೆ ಆ ಲೋಕ ಪುರಾಣದಂತೆ ಕೇಳುತ್ತದೆ. ಈಗ ಅಲ್ಲಿ ಎಚ್‌ಎಂಟಿಯ ಪಾರಂಪರಿಕ ಕೇಂದ್ರವೊಂದಿದೆ, ಹಳೆಯ ಬಂಗಲೆಯಲ್ಲಿ. ಗಾಜಿನ ಹಿಂದೆ ಸಾಲು ಸಾಲು ಗಡಿಯಾರ. ಜನತಾ ಇಟ್ಟಿದ್ದ ಕಡೆ ಅಪ್ಪ ತನ್ನ ಮುಂಗೈಯನ್ನು ಗಾಜಿಗೆ ಹಿಡಿದು ಎರಡನ್ನೂ ತಾಳೆ ನೋಡಿದ. ಒಳಗಿನದು ನಿಂತಿತ್ತು. "ನಂದ ಚೊಲೊ ಐತಿ" ಎಂದ.

ಯಲಹಂಕಕ್ಕೆ ನಾನು ಮೂರು ಸಲ ಹೋದೆ. ಕೆಂಪೇಗೌಡರ ಮೂಲಸ್ಥಾನದಲ್ಲಿ ಏನಾದರೂ ಕೋಟೆ ಕೊತ್ತಲ ಕಂಡೀತೆಂಬ ಆಸೆ. ಹಳೇ ಪೇಟೆಯ ಓಣಿಗಳು, ವೇಣುಗೋಪಾಲಸ್ವಾಮಿ ದೇವಸ್ಥಾನ, ಕೆರೆ ಇವೆ. ಕೋಟೆ ಎನ್ನುವಂಥದ್ದು ಉಳಿದಿಲ್ಲ. ಚೋಳರ ಕಾಲದ ತಮಿಳು ಶಾಸನಗಳಲ್ಲಿ ಇದು ಇಲೈಪ್ಪಾಕ್ಕ ನಾಡು. ವಿಜಯನಗರದ ಕಾಲಕ್ಕೆ ನಾಡಪ್ರಭುಗಳ ರಾಜಧಾನಿ. ಒಂದನೆಯ ಕೆಂಪೇಗೌಡರು 1537ರಲ್ಲಿ ತೆಂಕಣಕ್ಕೆ ಹೋಗಿ ಮಣ್ಣಿನ ಕೋಟೆ ಕಟ್ಟಿ ಪೇಟೆ ಹಾಕಿದಾಗ ಯಲಹಂಕ ತಾಯಿಯೂರು, ಬೆಂಗಳೂರು ಕೂಸು. ಈಗ ಬಸ್ಸಿನ ಬೋರ್ಡಿನ ಮೇಲೆ ತಾಯಿಗೆ 'ಯಲಹಂಕ ಓಲ್ಡ್ ಟೌನ್' ಎಂಬ ಹೆಸರು.

ಹೊಸ ಊರಿಗೆ ಬೆಂಗಳೂರೆಂಬ ಹೆಸರು ಎಲ್ಲಿಂದ ಬಂತು ಎಂಬುದಕ್ಕೆ ಶಾಲೆಯಲ್ಲಿ ಎಲ್ಲರೂ ಓದಿದ ಕಥೆ ಉಂಟು: ದಾರಿ ತಪ್ಪಿದ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಬೆಂದಕಾಳೂರು ಬೆಂಗಳೂರಾಯಿತು. ಕಥೆ ಚೆನ್ನಾಗಿದೆ, ಆದರೆ ಬೇಗೂರಿನ ನಾಗೇಶ್ವರ ದೇವಾಲಯದ ಸುಮಾರು 890ರ ವೀರಗಲ್ಲಿನಲ್ಲಿ ಬೆಂಗಳೂರ ಕಾಳಗದ ಉಲ್ಲೇಖವಿದೆ. ಬಲ್ಲಾಳ ಬರುವುದು ಅದಕ್ಕೂ ಮುನ್ನೂರು ವರ್ಷದ ಮೇಲೆ. ನನಗೆ ಹೆಚ್ಚು ಹಿಡಿಸಿದ್ದು ಯಲಹಂಕದ ಕಡೆಯವರು ಹೇಳುವ ಇನ್ನೊಂದು ಪ್ರತೀತಿ. ಕೊಡಿಗೇಹಳ್ಳಿಯ ಬಳಿ ಹಳೇ ಬೆಂಗಳೂರು ಎಂಬ ಊರಿತ್ತು, ಅದು ಕೆಂಪೇಗೌಡರ ತಾಯಿಯ ಮತ್ತು ಹೆಂಡತಿಯ ತವರು, ಆ ಹೆಸರನ್ನೇ ಅವರು ಹೊಸ ಪೇಟೆಗೆ ಇಟ್ಟರು ಎಂಬುದು. ದುಡಿಯಲು ಹೋದ ಕಡೆಗೆ ಮನೆಯವರ ಊರಿನ ಹೆಸರು ಹೊತ್ತುಕೊಂಡು ಹೋಗುವುದು ಇಂದಿಗೂ ಇದೆ. ನಮ್ಮ ಓಣಿಯ ಖಾನಾವಳಿಯ ಹೆಸರೇ 'ಗದಗ'.

ಮೇಖ್ರಿ ವೃತ್ತದ ಹತ್ತಿರ, ಬಂಡೆಯ ಮೇಲೆ ಕೆಂಪೇಗೌಡರ ಗೋಪುರ ನಿಂತಿದೆ. ಲಾಲ್‌ಬಾಗ್, ಹಲಸೂರು, ಕೆಂಪಾಂಬುಧಿ, ಇದು, ಒಟ್ಟು ನಾಲ್ಕು. ಒಂದನೆಯವರು ಕಟ್ಟಿಸಿದರೆಂದು ಕೆಲವರು, ಎರಡನೆಯ ಕೆಂಪೇಗೌಡರೆಂದು ಕೆಲವರು. ನಗರ ಬೆಳೆದರೆ ಇಲ್ಲಿಯವರೆಗೆ ಬೆಳೆಯಲಿ ಎಂಬ ಗುರುತೆಂಬುದು ಜನಜನಿತ. ಆ ಲೆಕ್ಕದಲ್ಲಿ ನಾನು ಇರುವ ಮತ್ತಿಕೆರೆಯೂ, ಆರ್.ಟಿ. ನಗರವೂ ಎಲ್ಲೆಯ ಹೊರಗೆ ಬೀಳುತ್ತವೆ. (ಆರ್.ಟಿ. ಎಂದರೆ ರವೀಂದ್ರನಾಥ ಟ್ಯಾಗೋರ್. ಅಲ್ಲಿ ಹತ್ತು ವರ್ಷದಿಂದ ಇರುವ ನಮ್ಮ ಗೋದಾಮಿನ ಚಾಲಕರಿಗೆ ಇದನ್ನು ಹೇಳಿದಾಗ, ಹೌದೇನ್ರೀ ಎಂದು ಬಾಯಿಯ ಮೇಲೆ ಬೆರಳಿಟ್ಟುಕೊಂಡರು.)

ಉತ್ತರದವರು ಇನ್ನೊಮ್ಮೆ ಬಂದದ್ದು 1638ರಲ್ಲಿ, ಬಿಜಾಪುರದಿಂದ. ರಣದುಲ್ಲಾ ಖಾನ ಬೆಂಗಳೂರನ್ನು ಹಿಡಿದ, ಮೂರನೆಯ ಕೆಂಪೇಗೌಡರು ಮಾಗಡಿಗೆ ಸರಿದರು. ಆದಿಲ್‌ಶಾಹಿಯ ಸರದಾರ ಶಹಾಜಿಗೆ ಊರು ಜಹಗೀರಾಗಿ ಬಂತು. ಜಹಗೀರಿಯನ್ನು ಚರಿತ್ರೆಯ ಪುಸ್ತಕಗಳು ದೊಡ್ಡ ಮಾತಿನಲ್ಲಿ ಹೇಳುತ್ತವೆ; ನನ್ನ ಕಣ್ಣಿಗೆ ಅದು ದೂರದೂರಿಗೆ ಆದ ವರ್ಗಾವಣೆ. ಪುಣೆಯ ಕಡೆ ಒಂದು ಸಂಸಾರ, ಇಲ್ಲೊಂದು ಸಂಸಾರ. 1664ರಲ್ಲಿ ಬೇಟೆಗೆ ಹೋದ ಶಹಾಜಿ ಕುದುರೆಯಿಂದ ಬಿದ್ದು ಸತ್ತ. ಅವನ ಸಮಾಧಿ ಇರುವುದು ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ, ಹುಟ್ಟಿದ ಸೀಮೆಯಿಂದ ಬಹು ದೂರ. ಜಹಗೀರು ಮಗ ಏಕೋಜಿಗೆ, ಶಿವಾಜಿಯ ಮಲತಮ್ಮನಿಗೆ ಬಂತು.

ಮಲ್ಲೇಶ್ವರದ ಕಾಡು ಮಲ್ಲೇಶ್ವರ ದೇವಸ್ಥಾನದ ಶಾಸನ ಈ ಏಕೋಜಿಯದು, 1669ರದು. ಮಲ್ಲಪುರದ ಮಲ್ಲಿಕಾರ್ಜುನ ದೇವರಿಗೆ ಮೇದರನಿಂಗನಹಳ್ಳಿ ಎಂಬ ಊರನ್ನು ಬಿಟ್ಟುಕೊಟ್ಟದ್ದನ್ನು ಅದು ಹೇಳುತ್ತದೆ. ಬೆಂಗಳೂರಿನ ಮಹಾನಾಡಿನವರು ಕೇಳಿಕೊಂಡರು, ಅವನು ಕೊಟ್ಟ. ಈ ಮಹಾನಾಡು ಎಂದರೆ ಊರಿನ ಪ್ರಮುಖರ ಕೂಟ. ಬೇರೆ ಸೀಮೆಯಿಂದ ಬಂದ ಅಧಿಕಾರಿಯ ಮುಂದೆ ಊರಿನವರು ಕೂಡಿ ನಿಂತು ತಮ್ಮ ದೇವರಿಗೆ ಒಂದು ಹಳ್ಳಿ ಕೇಳುವ ಚಿತ್ರ ನನಗೆ ಬಹಳ ದಿನ ಕಾಡಿತು. ಆರೇಳು ವರ್ಷದಲ್ಲಿ ಏಕೋಜಿ ತಂಜಾವೂರಿಗೆ ಹೋಗಿ ಅಲ್ಲಿಯ ರಾಜನಾದ. 1687ರಲ್ಲಿ ಮೊಗಲರ ಸರದಾರ ಕಾಸಿಂ ಖಾನ ಬೆಂಗಳೂರನ್ನು ಹಿಡಿದು, ಮೂರು ಲಕ್ಷ ರೂಪಾಯಿಗೆ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಬಿಟ್ಟುಕೊಟ್ಟ. ಇಂದು ಯಲಹಂಕದಲ್ಲಿ ಆ ದುಡ್ಡಿಗೆ ನಿವೇಶನದ ಮೂಲೆಯೂ ಬರುವುದಿಲ್ಲ.

ಮೇದರನಿಂಗನಹಳ್ಳಿ ಏನಾಯಿತು? ನಾನು ದಿನಾ ಅದರ ಬೇಲಿಯ ಪಕ್ಕವೇ ನಡೆದು ಹೋಗುತ್ತಿದ್ದೆ. ಅದಿದ್ದ ನೆಲದಲ್ಲಿ ಈಗ ಭಾರತೀಯ ವಿಜ್ಞಾನ ಸಂಸ್ಥೆ ಇದೆ. ಜೆಮ್‌ಶೆಟ್‌ಜಿ ಟಾಟಾ ಕನಸು ಕಂಡ ಸಂಸ್ಥೆ. ಅವರು 1904ರಲ್ಲೇ ತೀರಿಕೊಂಡರು, ಮೈಸೂರು ಸರ್ಕಾರ 371 ಎಕರೆ ಕೊಟ್ಟಿತು, 1909ರಲ್ಲಿ ಸಂಸ್ಥೆ ಹುಟ್ಟಿತು, 1911ರಲ್ಲಿ ಮೊದಲ ವಿದ್ಯಾರ್ಥಿಗಳು ಬಂದರು. ಮೊದಲ ನಿರ್ದೇಶಕ ಮಾರಿಸ್ ಟ್ರಾವರ್ಸ್, ಲಂಡನ್ನಿನಲ್ಲಿ ರಾಮ್ಸೆ ಜೊತೆ ಸೇರಿ ನಿಯಾನ್, ಕ್ರಿಪ್ಟಾನ್, ಕ್ಸೆನಾನ್ ಅನಿಲಗಳನ್ನು ಕಂಡುಹಿಡಿದವನು. ಆತ ಎಂಟು ವರ್ಷವೂ ನಿಲ್ಲಲಿಲ್ಲ. 1933ರಲ್ಲಿ ಕಲ್ಕತ್ತೆಯಿಂದ ಬಂದ ಸಿ.ವಿ. ರಾಮನ್ ಮಾತ್ರ ಬಂದವರು ಬಂದೇಬಿಟ್ಟರು. ನಿರ್ದೇಶಕರ ಕುರ್ಚಿ ನಾಲ್ಕು ವರ್ಷಕ್ಕೆ ಹೋಯಿತು, ಅವರು ಹೋಗಲಿಲ್ಲ. 1948ರಲ್ಲಿ ಮೇಖ್ರಿ ವೃತ್ತದ ಪಕ್ಕದಲ್ಲಿ ತಮ್ಮದೇ ಸಂಸ್ಥೆ ಕಟ್ಟಿ, 1970ರಲ್ಲಿ ಅಲ್ಲೇ ಕೊನೆಯುಸಿರೆಳೆದರು. ಬಸ್ಸಿನ ಕಂಡಕ್ಟರುಗಳು ಇವತ್ತಿಗೂ "ಟಾಟಾ ಇನ್‌ಸ್ಟಿಟ್ಯೂಟ್" ಎಂದೇ ಕೂಗುತ್ತಾರೆ. ಮೇದರನಿಂಗನಹಳ್ಳಿ ಎಂದು ಕೇಳಿದರೆ ಅವರೂ ತಿರುಗಿ ನೋಡುತ್ತಾರೆ. ಬಿದಿರು ಹೆಣೆಯುವ ಮೇದರ ಹೆಸರು ಹೊತ್ತ ಒಂದು ಊರು ದೇವರ ಪಾಲಾಗಿ, ಆಮೇಲೆ ವಿಜ್ಞಾನದ ಪಾಲಾಗಿ, ಈಗ ಒಂದು ಶಾಸನದ ಸಾಲಿನಲ್ಲಿದೆ.

ಆ ಸಂಸ್ಥೆಯಿಂದ ನಮ್ಮ ಯಶವಂತಪುರಕ್ಕೆ ಬಂದ ಒಂದು ವಸ್ತುವಿನ ಹೆಸರು ಹೇಳದಿದ್ದರೆ ಅಪ್ಪ ಸಿಟ್ಟಾಗುತ್ತಾನೆ. ಮೈಸೂರಿನ ಶ್ರೀಗಂಧ ಮೊದಲು ಎಣ್ಣೆ ತೆಗೆಯಲು ಜರ್ಮನಿಗೆ ಹೋಗುತ್ತಿತ್ತು. 1914ರಲ್ಲಿ ಯುದ್ಧ ಬಂದು ಹಡಗು ನಿಂತಿತು, ಗಂಧದ ಕೊರಡು ಗೋದಾಮಿನಲ್ಲಿ ರಾಶಿ ಬಿತ್ತು. ಆಗ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಎಂಬಿಬ್ಬರು ಪ್ರಾಧ್ಯಾಪಕರು ಎಣ್ಣೆ ಇಳಿಸುವ ಕ್ರಮ ರೂಪಿಸಿಕೊಟ್ಟರು. 1916ರಲ್ಲಿ ಬೆಂಗಳೂರಿನಲ್ಲೇ ಭಟ್ಟಿ ಶುರುವಾಯಿತು. ಎಣ್ಣೆಯ ಬೆನ್ನಿಗೆ ಸಾಬೂನು ಬಂತು. ಇಂಗ್ಲೆಂಡಿನಲ್ಲಿ ಆ ವಿದ್ಯೆ ಕಲಿತು ಬಂದ ಎಸ್.ಜಿ. ಶಾಸ್ತ್ರಿಯವರು ಅದಕ್ಕೆ ಪರಿಮಳ ಕೂಡಿಸಿದರು. ಕಾರ್ಖಾನೆ ಯಶವಂತಪುರದ ಪಕ್ಕಕ್ಕೆ ಬಂದದ್ದು 1957ರಲ್ಲಿ, ನಮ್ಮ ಕಡೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ. ಈಗ ಅದರ ಹೆಸರಿನದೇ ಮೆಟ್ರೋ ನಿಲ್ದಾಣವಿದೆ. ನಮ್ಮ ಮನೆಯಲ್ಲಿ ಆ ಸಾಬೂನು ಬರುತ್ತಿದ್ದದ್ದು ದೀಪಾವಳಿಯ ಅಭ್ಯಂಜನಕ್ಕೆ ಒಂದೇ ಒಂದು. ಮುಗಿದ ಮೇಲೆ ಅದರ ಹೊದಿಕೆಯನ್ನು ಅವ್ವ ಸೀರೆಗಳ ನಡುವೆ ಇಡುತ್ತಿದ್ದಳು. ಅಪ್ಪ ಹೋಗುವ ದಿನ ಆರು ಕೊಂಡುಕೊಂಡ. ಊರಿನಲ್ಲೂ ಸಿಗುತ್ತದಲ್ಲ ಎಂದೆ. "ಇದು ಇಲ್ಲೇದ" ಎಂದು ಚೀಲಕ್ಕೆ ಹಾಕಿಕೊಂಡ.

ಅವನನ್ನು ಹುಬ್ಬಳ್ಳಿಯ ಗಾಡಿಗೆ ಕೂರಿಸಿದ್ದು ಯಶವಂತಪುರದಲ್ಲಿ. ಊರಿನವರ ಕ್ರೂಸರ್ ಅದಾಗಲೇ ಹೋಗಿತ್ತು. ತುಮಕೂರಿನ ಕಡೆಗೆ ಇಲ್ಲಿಂದ ಹಳಿ ಬಿದ್ದದ್ದು 1880ರ ದಶಕದಲ್ಲಿ. ನಮ್ಮ ಕಡೆಯ ಜನ ಇಲ್ಲಿಗೆ ದುಡಿಯಲು ಇಳಿಯತೊಡಗಿದ್ದು ಆ ಹಳಿಯ ಮೇಲೇ. ಪ್ಲಾಟ್‌ಫಾರಂ ಮೇಲೆ ರೊಟ್ಟಿ ಗಂಟು ಬಿಚ್ಚಿ ಕುಳಿತವರೆಲ್ಲ ನಮ್ಮ ಮಾತಿನವರು: ಕಟ್ಟಡದ ಕೆಲಸದವರು, ಕಾವಲುಗಾರರು, ನರ್ಸಿಂಗ್ ಓದುವ ಹುಡುಗಿಯರು. ಗಾಡಿ ಬರಲು ತಡವಿತ್ತು. ಅಪ್ಪ ಪಕ್ಕದವರಿಗೆ ಕಿತ್ತಯ್ಯನ ಕಥೆ ಹೇಳುತ್ತಿದ್ದ. ಅವನ ಬಾಯಲ್ಲಿ ಕಿತ್ತಯ್ಯ ನೂರು ಜನರನ್ನು ಹೊಡೆದಿದ್ದ.

ನನ್ನ ಕಾಗದದ ಅವಧಿ ಮುಗಿಯಲು ಇನ್ನು ಮೂರು ರವಿವಾರಗಳಿವೆ. ನೋಡದೆ ಉಳಿದದ್ದು ಮಣ್ಣೆ, ಶ್ರೀಪುರುಷನ ಬೀಡು, ರಾಷ್ಟ್ರಕೂಟ ಕೃಷ್ಣ ದಂಡು ಇಳಿಸಿದ ಊರು. ನೆಲಮಂಗಲ ತಾಲ್ಲೂಕು. ಯಶವಂತಪುರದಿಂದ ನೆಲಮಂಗಲದವರೆಗೆ ಬಸ್ಸು ಬೇಕಾದಷ್ಟಿವೆ. ಅಲ್ಲಿಂದ ಮುಂದಕ್ಕೆ ಕೇಳಿಕೊಂಡು ಹೋಗಬೇಕು. ಬಟ್ಟೆಯನ್ನು ಶನಿವಾರ ರಾತ್ರಿಯೇ ಒಗೆದಿಟ್ಟರೆ ಬೆಳಿಗ್ಗೆ ಏಳರ ಬಸ್ಸು ಸಿಗುತ್ತದೆ.